ಭೇದಿ ಕಡಿಮೆಯಾಗಿದೆ, ಅಮ್ಮನಿಗೆ ಏನು ಕೊಡಲಿ?

ಅಮ್ಮನಿಗೆ ಭೇದಿ ಕಡಿಮೆಯಾಗಿದೆ, ಹಾಲು, ರಾಗಿ ಅಂಬಲಿ ಕೊಡಬಹುದಾ ಅಂತ ಕೇಳಿದ್ದೀರಿ. ಹಾಲು ಸದ್ಯಕ್ಕೆ ಬೇಡ. ಭೇದಿಯಾದ ಮೇಲೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಕರುಳಿಗೆ ಕೆಲವು ದಿನ ಕುಗ್ಗಿರಬಹುದು, ಹೊಟ್ಟೆ ಮತ್ತೆ ಕೆಡಬಹುದು. ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತವೆ.

ಮೊದಲು ಅಕ್ಕಿ ಗಂಜಿ ಕೊಡಿ. ಅಗುಳು ಬೆರಳಲ್ಲಿ ಒತ್ತಿದರೆ ಕರಗುವಷ್ಟು ಬೇಯಲಿ. ಚಿಟಿಕೆ ಉಪ್ಪು ಸಾಕು, ಒಗ್ಗರಣೆ ಬೇಡ. ಅದು ಒಗ್ಗಿದರೆ ಮೆತ್ತಗಿನ ಮೊಸರನ್ನ, ಇಡ್ಲಿ, ಚೆನ್ನಾಗಿ ಕಳಿತ ಬಾಳೆಹಣ್ಣು. ರಾಗಿಯಲ್ಲಿ ನಾರು ಜಾಸ್ತಿ. ಕೊಡಲೇಬೇಕಾದರೆ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ತೆಳ್ಳಗೆ ಕಾಯಿಸಿ.

ಊಟಕ್ಕಿಂತ ನೀರು ಮುಖ್ಯ. ಓಆರ್‌ಎಸ್ (ಭೇದಿಯಲ್ಲಿ ಕಳೆದ ನೀರು, ಲವಣ ತುಂಬುವ ಪುಡಿ) ಅನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಗುಟುಕು ಗುಟುಕಾಗಿ ಕುಡಿಸಿ. 24 ಗಂಟೆ ಮೀರಿದ್ದನ್ನು ಚೆಲ್ಲಿಬಿಡಿ. ಮಲದಲ್ಲಿ ರಕ್ತ ಕಂಡರೆ, ಮೂತ್ರ ತೀರಾ ಕಡಿಮೆಯಾದರೆ ದಯವಿಟ್ಟು ಕಾಯಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.