ಮುಟ್ಟು ನಿಂತ ಮೇಲೆ ಅಂಡಾಶಯದ ಗಡ್ಡೆ: ನಿಮ್ಮ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮ ಅತ್ತೆಗೆ 61 ವರ್ಷ, ಮುಟ್ಟು ನಿಂತು ಹತ್ತು ವರ್ಷವಾಗಿದೆ. ಪಿತ್ತಕೋಶದ ಕಲ್ಲಿಗೆಂದು ಸ್ಕ್ಯಾನಿಂಗ್ ಮಾಡಿಸಿದಾಗ ಬಲ ಅಂಡಾಶಯದಲ್ಲಿ 4.2 ಸೆಂ.ಮೀ. ನೀರುಗುಳ್ಳೆ ಕಂಡಿದೆ. ಅವರಿಗೆ ಯಾವ ತೊಂದರೆಯೂ ಇಲ್ಲ. ಅಂಡಾಶಯದ ಕ್ಯಾನ್ಸರಿನ ಸುಳಿವಿಗೆಂದು ಮಾಡುವ ಸಿಎ-125 ರಕ್ತಪರೀಕ್ಷೆ 18 ಬಂದಿದೆ. ಒಬ್ಬ ಡಾಕ್ಟರು ‘ಪಿತ್ತಕೋಶದ ಜೊತೆಗೇ ತೆಗೆದುಬಿಡೋಣ’ ಅಂತಾರೆ, ಇನ್ನೊಬ್ಬರು ಕಾಯೋಣ ಅಂತಾರೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಗುಳ್ಳೆಯ ಅಳತೆ ಬರೆದಿದ್ದೀರಿ, ಅದರೊಳಗೆ ಏನಿದೆ ಎಂದು ಬರೆದಿಲ್ಲ. ತೀರ್ಮಾನ ನಿಂತಿರುವುದು ಅದರ ಮೇಲೆಯೇ. ಹೊಟ್ಟೆಯ ಮೇಲಿಂದ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಒಳವಿವರ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಯೋನಿಯ ಮೂಲಕ ಮಾಡುವ ಟಿವಿಎಸ್ ಸ್ಕ್ಯಾನಿಂಗ್ ಮಾಡಿಸಿ. ಅದಕ್ಕೆ ಮೂತ್ರ ತುಂಬಿಸಿಕೊಂಡು ಕಾಯಬೇಕಿಲ್ಲ, ಮಾಡಿಯೇ ಹೋಗಬೇಕು. ರಿಪೋರ್ಟಿನಲ್ಲಿ ಐದು ಅಂಶಗಳ ಬಗ್ಗೆ ಬರೆಯಲೇಬೇಕು: ಗುಳ್ಳೆಯೊಳಗೆ ಒಂದಕ್ಕಿಂತ ಹೆಚ್ಚು ಕೋಣೆಗಳಿವೆಯೇ, ಗಟ್ಟಿ ಭಾಗವಿದೆಯೇ, ಎರಡೂ ಅಂಡಾಶಯಗಳಲ್ಲಿದೆಯೇ, ಹೊಟ್ಟೆಯಲ್ಲಿ ನೀರು ಸೇರಿದೆಯೇ, ಬೇರೆಡೆಗೆ ಹರಡಿದ ಗುರುತಿದೆಯೇ. ಗೋಡೆಯಿಂದ ಒಳಕ್ಕೆ ಚಾಚಿದ 3 ಮಿ.ಮೀ. ಮೊಳಕೆ ಇದ್ದರೂ ಅದು ಗಟ್ಟಿ ಭಾಗವೇ. ಅದರಲ್ಲಿ ರಕ್ತ ಹರಿಯುತ್ತಿದೆಯೇ ಎಂದು ಡಾಪ್ಲರ್‌ನಲ್ಲಿ ನೋಡಿಸಿ.

ಇದನ್ನು ಆರ್‌ಎಂಐ ಎಂಬ, ಗಡ್ಡೆ ಕ್ಯಾನ್ಸರ್ ಆಗಿರುವ ಸಾಧ್ಯತೆ ಅಂದಾಜಿಸುವ ಲೆಕ್ಕಕ್ಕೆ ಹಾಕುತ್ತಾರೆ. ಮೇಲಿನ ಐದರಲ್ಲಿ ಒಂದೂ ಇಲ್ಲದಿದ್ದರೆ 0, ಒಂದಿದ್ದರೆ 1, ಎರಡೋ ಹೆಚ್ಚೋ ಇದ್ದರೆ 3. ಅದನ್ನು ಮುಟ್ಟು ನಿಂತವರಿಗೆಂದು 3ರಿಂದ, ಆಮೇಲೆ ಸಿಎ-125 ಅಂಕಿಯಿಂದ ಗುಣಿಸಬೇಕು. ಸಿಎ-125 60 ಇರುವ ಇಬ್ಬರನ್ನು ತೆಗೆದುಕೊಳ್ಳಿ: ಒಂದೇ ಲಕ್ಷಣವಿದ್ದವರಿಗೆ 180, ಎರಡಿದ್ದವರಿಗೆ 540. 200 ದಾಟಿದರೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಪರಿಣತರಾದ ಸ್ತ್ರೀರೋಗ ತಜ್ಞರ ಬಳಿಗೇ ಹೋಗಬೇಕು. 180 ಬಂತೆಂದು ನಿರಾಳವಾಗುವಂತೆಯೂ ಇಲ್ಲ, ಗಟ್ಟಿ ಭಾಗವಿದ್ದರೆ ಅನುಭವಿಗಳಿಂದ ಇನ್ನೊಮ್ಮೆ ಸ್ಕ್ಯಾನಿಂಗ್ ಆಗಲಿ.

ನಿಮ್ಮ ಅತ್ತೆಯದು ಒಂದೇ ಕೋಣೆಯ, ತೆಳು ಗೋಡೆಯ, ಬರೀ ನೀರು ತುಂಬಿದ ಗುಳ್ಳೆಯಾಗಿದ್ದರೆ ಅಂಕ ಸೊನ್ನೆ. ಬ್ರಿಟನ್ನಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜಿನ 2016ರ ಮಾರ್ಗಸೂಚಿಯ ಪ್ರಕಾರ ಇಂಥ 5 ಸೆಂ.ಮೀ. ಒಳಗಿನ ಗುಳ್ಳೆಗೆ ಆಪರೇಷನ್ ಬೇಡ. 4ರಿಂದ 6 ತಿಂಗಳಿಗೆ ಮತ್ತೆ ಸ್ಕ್ಯಾನಿಂಗ್, ಸಿಎ-125. ಒಂದು ವರ್ಷ ಬೆಳೆಯದೆ ಇದ್ದರೆ ಅಲ್ಲಿಗೆ ಮುಗಿಯಿತು. ಆಗುವುದಾದರೆ ಅದೇ ಸೆಂಟರಿನಲ್ಲಿ ಮಾಡಿಸಿ. ಅಳೆಯುವವರು ಬದಲಾದರೆ ಎರಡು ಮೂರು ಮಿ.ಮೀ. ವ್ಯತ್ಯಾಸ ಬಂದೇ ಬರುತ್ತದೆ, ಅದನ್ನು ಬೆಳವಣಿಗೆ ಎನ್ನಲಾಗದು. ನಡುವೆ ದಿಢೀರನೆ ಹೊಟ್ಟೆನೋವು, ವಾಂತಿ ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು. ಆಗ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪಿತ್ತಕೋಶದ ಆಪರೇಷನ್ ಬೇಕಿದ್ದರೆ ಮಾಡಿಸಿ, ಆದರೆ ಟಿವಿಎಸ್ ಆಗುವ ಮೊದಲು ಅಂಡಾಶಯಕ್ಕೆ ಕೈ ಹಾಕಿಸಬೇಡಿ.

ಪ್ರಶ್ನೆ: ಆಪರೇಷನ್ ಬದಲು ಸೂಜಿಯಿಂದ ನೀರು ತೆಗೆಸಿದರೆ ಸಾಲದೇ?
– ಓದುಗರು, ದಾವಣಗೆರೆ

ಉತ್ತರ: ಬೇಡ. ಹಾಗೆ ತೆಗೆದ ನೀರಿನಲ್ಲಿ ಕ್ಯಾನ್ಸರ್ ಇದ್ದರೂ ಕಾಣದೆ ಹೋಗಬಹುದು, ಗುಳ್ಳೆ ಮತ್ತೆ ತುಂಬಿಕೊಳ್ಳುತ್ತದೆ. ಇನ್ನೂ ಕೆಟ್ಟದ್ದೆಂದರೆ, ಅಂಡಾಶಯದೊಳಗೇ ಇದ್ದ ಕ್ಯಾನ್ಸರ್ ಹೊಟ್ಟೆಯೊಳಗೆ ಚೆಲ್ಲಬಹುದು. ಆಪರೇಷನ್ನಿನಲ್ಲಿ ಗುಳ್ಳೆ ಒಡೆದರೂ 1ಎ ಹಂತದ (ಒಂದು ಅಂಡಾಶಯದೊಳಗೇ ಇರುವ) ಕ್ಯಾನ್ಸರ್ 1ಸಿ (ಹೊರಗೆ ಚೆಲ್ಲಿದ್ದು) ಆಗುತ್ತದೆ, ಕೀಮೋ ಬೇಕಾಗಬಹುದು. ಹಾಗಾಗಿ ಲ್ಯಾಪರೊಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಆಪರೇಷನ್) ಮಾಡಿದರೂ ಗುಳ್ಳೆಯನ್ನಷ್ಟೇ ಸುಲಿದು ತೆಗೆಯುವುದಿಲ್ಲ. ಎರಡೂ ಅಂಡಾಶಯ, ಎರಡೂ ಅಂಡನಾಳಗಳನ್ನು ಇಡಿಯಾಗಿ ಬಿಡಿಸಿ, ಚೀಲದೊಳಗೆ ಹಾಕಿಯೇ ಹೊರತರುತ್ತಾರೆ. ‘ಚೀಲ ಬಳಸುತ್ತೀರಾ?’ ಎಂದು ಮೊದಲೇ ಕೇಳಲು ಸಂಕೋಚ ಬೇಡ. ಕ್ಯಾನ್ಸರಿನ ಸಂಶಯ ಬಲವಾಗಿದ್ದರೆ ಹೊಟ್ಟೆಯ ನಡುವೆ ಉದ್ದುದ್ದ ಕೊಯ್ದು ಮಾಡುವ ಆಪರೇಷನ್ನೇ ಸರಿ.

ಪ್ರಶ್ನೆ: ಅಕ್ಕನಿಗೆ 58. ಹೊಟ್ಟೆ ಊದಿಕೊಂಡಿದೆ, ಎರಡೂ ಅಂಡಾಶಯಗಳಲ್ಲಿ ಗಡ್ಡೆ, ಹೊಟ್ಟೆಯಲ್ಲಿ ನೀರು. ಸಿಎ-125 310. ಕ್ಯಾನ್ಸರೇ ಎಂದು ಖಚಿತವೇ?
– ಓದುಗರು, ಕಲಬುರಗಿ

ಉತ್ತರ: ಖಚಿತವಲ್ಲ, ಆದರೆ ತಡಮಾಡುವಂತಿಲ್ಲ. ಆರ್‌ಎಂಐ 2,790 ಆಗುತ್ತದೆ. ಹೊಟ್ಟೆಯ ಕ್ಷಯ, ಲಿವರ್ ಸಿರೋಸಿಸ್, ಹೃದಯ ವೈಫಲ್ಯಗಳಲ್ಲೂ ಸಿಎ-125 ಏರುತ್ತದೆ, ನೀರು ತುಂಬುತ್ತದೆ. ಕ್ಷಯವಂತೂ ನಮ್ಮಲ್ಲಿ ಥೇಟು ಅಂಡಾಶಯದ ಕ್ಯಾನ್ಸರಿನಂತೆಯೇ ಕಾಣಿಸಿಕೊಂಡು ಮೋಸಗೊಳಿಸುವುದುಂಟು. ಹಾಗೆಂದು ಊಹೆಯ ಮೇಲೆ ಕ್ಷಯದ ಮಾತ್ರೆ ಶುರುಮಾಡಿ ತಿಂಗಳು ಕಳೆಯುವುದು ಅಪಾಯ. ಎದೆ ಮತ್ತು ಹೊಟ್ಟೆಯ ಸಿ.ಟಿ., ಸಿಇಎ ರಕ್ತಪರೀಕ್ಷೆ ಆಗಲಿ. ಹೊಟ್ಟೆಯಲ್ಲಿ ಸೇರಿದ ಈ ನೀರನ್ನು ಪರೀಕ್ಷೆಗೆ ತೆಗೆಯಬಹುದು. ಗಡ್ಡೆಗೆ ಚುಚ್ಚುವುದು ಬೇರೆ, ಇದು ಬೇರೆ. ಅದರಲ್ಲಿ ಜೀವಕೋಶಗಳ ಜೊತೆ ಕ್ಷಯಕ್ಕಾಗಿ ಎಡಿಎ ಎಂಬ ಕಿಣ್ವವನ್ನೂ ನೋಡಬೇಕು. ಸಿಇಎ ಹೆಚ್ಚಿದ್ದರೆ ಜಠರ, ದೊಡ್ಡಕರುಳಿನಿಂದ ಹರಡಿದ್ದಿರಬಹುದು, ಎಂಡೊಸ್ಕೋಪಿ ಬೇಕು. ಕಾಗದಗಳನ್ನೆಲ್ಲ ತೆಗೆದುಕೊಂಡು ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಈ ವಾರವೇ ಹೋಗಿ. ಹರಡಿರುವುದು ಹೆಚ್ಚಾಗಿದ್ದರೆ ಅವರು ಮೊದಲು ಸಾಮಾನ್ಯವಾಗಿ ಮೂರು ಸುತ್ತು ಕೀಮೋ ಕೊಟ್ಟು ಆಮೇಲೆ ಆಪರೇಷನ್ ಮಾಡಬಹುದು.

ಪ್ರಶ್ನೆ: ಮುಟ್ಟು ನಿಂತವರೆಲ್ಲ ವರ್ಷಕ್ಕೊಮ್ಮೆ ಸಿಎ-125 ಮಾಡಿಸಿಕೊಳ್ಳಬೇಕೇ?
– ಓದುಗರು, ಉಡುಪಿ

ಉತ್ತರ: ಬೇಕಿಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನದ 2021ರ ವರದಿಯಲ್ಲಿ, ಹೀಗೆ ತಪಾಸಣೆ ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ತಾಯಿ, ಅಕ್ಕತಂಗಿಯರಲ್ಲಿ ಅಂಡಾಶಯ ಅಥವಾ ಸ್ತನ ಕ್ಯಾನ್ಸರ್ ಇದ್ದರೆ ಮಾತ್ರ ವಿಷಯ ಬೇರೆ. ಅವರು ಈ ಕ್ಯಾನ್ಸರುಗಳು ವಂಶದಲ್ಲಿ ಬರುವ ಅಪಾಯವನ್ನು ತಿಳಿಸುವ ಬಿಆರ್‌ಸಿಎ ಜೀನ್ ಪರೀಕ್ಷೆಯ ಬಗ್ಗೆ ಕೇಳಬೇಕು.