ಸಂಪಾದಕರ ಉತ್ತರ: ಬಿಟ್ಟ ಗೋಲು ಮಾತ್ರ ಲೆಕ್ಕಕ್ಕೆ ಬರುತ್ತದೆಯೇ?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ ಹೀಗಿದೆ: ‘ಹೋದ ಸಂಚಿಕೆಯಲ್ಲಿ ಭಾರತ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರನ್ನು ಹಾಡಿ ಹೊಗಳಿದ್ದೀರಿ. ಮಲೇಷ್ಯಾ ವಿರುದ್ಧ ಗೋಲಿನ ಮುಂದಿನ ಬಾಕ್ಸ್ ಬಿಟ್ಟು ಓಡಿ ಬಂದು ಗೋಲು ಕೊಟ್ಟದ್ದನ್ನು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಕಾವಲುಗಾರ ನಿದ್ದೆ ಮಾಡಿದರೆ ಕೆಲಸದಿಂದ ತೆಗೆಯುವುದಿಲ್ಲವೇ? ಅವರ ಕ್ಲಬ್ ಬೆಂಗಳೂರು ಎಫ್‌ಸಿ ಇನ್ನಾದರೂ ಹೊಸ ಹುಡುಗರಿಗೆ ಜಾಗ ಕೊಡಲಿ. ನಾನೂ ಕಾಲೇಜಿನಲ್ಲಿ ಫಾರ್ವರ್ಡ್ ಆಡಿದವನು, ಸುಮ್ನೆ ಹೇಳುತ್ತಿಲ್ಲ.’

ಮಿತ್ರರೇ,

ನಿಮ್ಮ ಪತ್ರ ಖಾರವಾಗಿದೆ. ಆದರೆ ಆಟ ನೋಡುವವರು ಬರೆದದ್ದು ಅಂತ ಓದಿದ ತಕ್ಷಣ ಗೊತ್ತಾಗುತ್ತದೆ. ಅದಕ್ಕೇ ಈ ಉತ್ತರ ಉದ್ದವಾಗುತ್ತಿದೆ.

ನೀವು ಹೇಳುವುದರಲ್ಲಿ ನಿಜ ಇದೆ. 2024ರ ನವೆಂಬರ್ 18ರಂದು ಹೈದರಾಬಾದಿನಲ್ಲಿ ಆದದ್ದು ತಪ್ಪೇ. ಉದ್ದನೆಯ ಚೆಂಡಿಗೆ ಗುರ್‌ಪ್ರೀತ್ ಮುಂದೆ ಓಡಿ ಬಂದರು, ಮಲೇಷ್ಯಾದ ಪೌಲೊ ಜೋಸ್ವೆ ಮೊದಲು ತಲುಪಿದರು, ಗೋಲು ಖಾಲಿ ಬಿದ್ದಿತ್ತು. ಕೀಪರ್ ಬದಲಿಸಿ ಲಾಭ ಪಡೆದ ಕ್ಲಬ್‌ಗಳೂ ಇವೆ. ಇಂಗ್ಲೆಂಡಿನ ಲಿವರ್‌ಪೂಲ್ 2018ರಲ್ಲಿ ಕೀಪರ್ ಅಲಿಸನ್ ಅವರನ್ನು ತಂದಿತು, ಮುಂದಿನ ವರ್ಷವೇ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಿತು. ಇಷ್ಟನ್ನು ಒಪ್ಪುತ್ತೇನೆ.

ಆದರೆ ನಿಮ್ಮ ಕಾವಲುಗಾರನ ಹೋಲಿಕೆ ಒಪ್ಪಲಾರೆ. ಗುರ್‌ಪ್ರೀತ್ ನಿದ್ದೆ ಮಾಡಿದವರಲ್ಲ. ಕಳ್ಳ ಬಂದನೆಂದು ಬಾಗಿಲು ಬಿಟ್ಟು ಓಡಿದವರು. ಹಾಗೆ ಓಡಿ ಬನ್ನಿ ಅಂತ ಇಂದಿನ ಕೀಪರ್‌ಗೆ ಕಲಿಸುವವರು ಯಾರು? ಕೋಚ್‌ಗಳೇ ಅಲ್ವಾ? 1992ರಲ್ಲಿ ನಿಯಮ ಬದಲಾಯಿತು. ತನ್ನ ತಂಡದವರು ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯುವ ಹಾಗಿಲ್ಲ ಎಂದಾಯಿತು. ಅಲ್ಲಿಂದ ಈ ಕೆಲಸವೇ ಬೇರೆಯಾಯಿತು. ಈಗ ಕೀಪರ್ ಪಾಸ್ ಕೊಡಬೇಕು, ಎದುರಾಳಿ ಮೈಮೇಲೆ ಬಂದಾಗಲೂ ಚೆಂಡು ಇಟ್ಟುಕೊಳ್ಳಬೇಕು, ಡಿಫೆಂಡರ್‌ಗಳು ಮೈದಾನದ ನಡುವಿನವರೆಗೆ ಮುಂದೆ ಹೋದರೆ ಅವರ ಬೆನ್ನ ಹಿಂದಿನ ಅಷ್ಟೂ ಜಾಗವನ್ನು ಕಾಯಬೇಕು. ಹತ್ತು ಸಲ ಓಡಿ ಬಂದು ಚೆಂಡು ಒದ್ದು ಹಾಕಿದರೆ ಯಾರೂ ಮಾತಾಡುವುದಿಲ್ಲ. ಹನ್ನೊಂದನೆಯ ಸಲ ಅರ್ಧ ಸೆಕೆಂಡ್ ತಡವಾದರೆ ಆ ವಿಡಿಯೊ ಎಲ್ಲರ ಮೊಬೈಲಿಗೂ ಬರುತ್ತದೆ.

ನೀವು ಫಾರ್ವರ್ಡ್ ಆಡಿದವರು. ಎಷ್ಟು ಸಲ ಗೋಲಿನ ಮುಂದೆ ನಿಂತು ಚೆಂಡನ್ನು ಆಕಾಶಕ್ಕೆ ಹೊಡೆದಿರಿ, ಹೇಳಿ? ಅದು ಸ್ಕೋರಿನಲ್ಲಿ ಕಾಣುವುದಿಲ್ಲ. ‘ಛೇ, ಸ್ವಲ್ಪದರಲ್ಲಿ ತಪ್ಪಿತು’ ಅಂತ ಗೆಳೆಯರು ಬೆನ್ನು ತಟ್ಟುತ್ತಾರೆ. ಕೀಪರ್ ತಪ್ಪು ಮಾಡಿದರೆ ಅದೇ ಕ್ಷಣ ಬೋರ್ಡಿನ ಮೇಲೆ ಅಂಕಿ ಬದಲಾಗುತ್ತದೆ. ನನ್ನ ತಕರಾರೆಲ್ಲ ಇದರ ಬಗ್ಗೆಯೇ.

ಬ್ರೆಜಿಲ್‌ನ ಕೀಪರ್ ಮೊಆಸಿರ್ ಬಾರ್ಬೋಸ ಅವರ ಕತೆ ನಿಮಗೆ ಗೊತ್ತಿರಬಹುದು. ಗೊತ್ತಿದ್ದರೂ ಇನ್ನೊಮ್ಮೆ ಕೇಳಿ, ಯಾಕೆಂದರೆ ಈ ಕತೆಯನ್ನು ಸಾಮಾನ್ಯವಾಗಿ ಅರ್ಧ ಮಾತ್ರ ಹೇಳುತ್ತಾರೆ. 1950ರ ಜುಲೈ 16, ಮರಕಾನಾ ಸ್ಟೇಡಿಯಂ. ವಿಶ್ವಕಪ್ ಗೆಲ್ಲಲು ಬ್ರೆಜಿಲ್‌ಗೆ ಡ್ರಾ ಸಾಕಿತ್ತು. ಮೊದಲ ಗೋಲೂ ಅವರದೇ. ಆಮೇಲೆ ಉರುಗ್ವೆಯ ಘಿಗ್ಗಿಯ ಬಲಗಡೆಯಿಂದ ನುಗ್ಗಿ ಗೋಲಿನ ಮುಂದಕ್ಕೆ ಅಡ್ಡಲಾಗಿ ಚೆಂಡು (ಕ್ರಾಸ್) ಕೊಟ್ಟರು, ಸ್ಕಿಯಾಫಿನೊ ಗೋಲು ಹೊಡೆದರು. ಪಂದ್ಯ 1-1. 79ನೇ ನಿಮಿಷದಲ್ಲಿ ಅದೇ ಘಿಗ್ಗಿಯ, ಅದೇ ಕಡೆಯಿಂದ ಮತ್ತೆ ನುಗ್ಗಿದರು. ಈ ಸಲವೂ ಕ್ರಾಸ್ ಬರುತ್ತದೆ ಅಂದುಕೊಂಡು ಬಾರ್ಬೋಸ ಒಂದು ಹೆಜ್ಜೆ ಆಚೆ ಸರಿದರು. ಯಾವ ಬುದ್ಧಿವಂತ ಕೀಪರ್ ಆದರೂ ಹಾಗೇ ಯೋಚಿಸುತ್ತಿದ್ದ. ಘಿಗ್ಗಿಯ ಕ್ರಾಸ್ ಕೊಡದೆ ಕಂಬಕ್ಕೂ ಕೀಪರ್‌ಗೂ ನಡುವೆ ಇದ್ದ ಸಂದಿಗೆ ಚೆಂಡು ಹೊಡೆದರು. ಉರುಗ್ವೆ 2-1. ಅದು ಘಿಗ್ಗಿಯ ಜಾಣತನ. ಜೊತೆಗೆ, ಆ ಬದಿಯಲ್ಲಿ ಅವರನ್ನು ಎರಡು ಸಲ ಬಿಟ್ಟ ಡಿಫೆನ್ಸಿನ ಸೋಲು. ಆದರೆ ದೇಶ ಬೆರಳು ತೋರಿಸಿದ್ದು ಬಾರ್ಬೋಸ ಕಡೆಗೆ.

ಹಿಂದಿನ ವರ್ಷವಷ್ಟೇ ದಕ್ಷಿಣ ಅಮೆರಿಕದ ಚಾಂಪಿಯನ್‌ಷಿಪ್ ಗೆದ್ದಿದ್ದ ತಂಡದ ಕೀಪರ್ ಅವರು. ಅದು ಯಾರಿಗೂ ನೆನಪಾಗಲಿಲ್ಲ. 1993ರಲ್ಲಿ ಬ್ರೆಜಿಲ್ ತಂಡದ ಶಿಬಿರಕ್ಕೆ ಹೋದಾಗ ಅವರನ್ನು ಒಳಗೆ ಬಿಡಲಿಲ್ಲ. ನಮ್ಮ ದೇಶದಲ್ಲಿ ಅತಿ ದೊಡ್ಡ ಶಿಕ್ಷೆ 30 ವರ್ಷ, ನಾನು 50 ವರ್ಷದಿಂದ ಅನುಭವಿಸುತ್ತಿದ್ದೇನೆ ಅಂತ ಕೊನೆಗಾಲದಲ್ಲಿ ಅವರು ಹೇಳಿದ್ದರು. 2000ದ ಏಪ್ರಿಲ್‌ನಲ್ಲಿ ತೀರಿಕೊಂಡರು. ಒಂದು ಹೆಜ್ಜೆಗೆ ಐವತ್ತು ವರ್ಷ! ಇದನ್ನು ನ್ಯಾಯ ಅನ್ನುತ್ತೀರಾ?

ಇದು ಹಳೆಯ ಕಾಲದ ಮಾತು ಅನ್ನಬೇಡಿ. ಅಲಿಸನ್ ಬರುವ ಮುಂಚೆ ಲಿವರ್‌ಪೂಲ್ ಗೋಲಿನಲ್ಲಿದ್ದವರು ಲೋರಿಸ್ ಕರಿಯಸ್. 2018ರ ಮೇ 26ರಂದು ಕೀವ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್. ಕರಿಯಸ್ ಎಸೆದ ಚೆಂಡಿಗೆ ಬೆಂಜೆಮಾ ಕಾಲು ಚಾಚಿದರು, ಗೋಲು. ಕೊನೆಯಲ್ಲಿ ಗ್ಯಾರೆತ್ ಬೇಲ್ ದೂರದಿಂದ ಹೊಡೆದದ್ದು ಕೈಗೆ ಬಡಿದು ಒಳಗೆ ಹೋಯಿತು. 3-1. ಕರಿಯಸ್ ಅಳುತ್ತಾ ಅಭಿಮಾನಿಗಳ ಮುಂದೆ ಕೈ ಮುಗಿದು ನಿಂತರು. ಕೊಲ್ಲುತ್ತೇವೆ ಅಂತ ಬೆದರಿಕೆಗಳು ಬಂದವು. ಕೆಲವು ದಿನದ ಮೇಲೆ ಅಮೆರಿಕದ ವೈದ್ಯರು ಅವರನ್ನು ಪರೀಕ್ಷಿಸಿದರು. ತಲೆಗೆ ಪೆಟ್ಟು ಬಿದ್ದು ಮಿದುಳು ಅದುರಿದೆ, ಆಟದ ಮೇಲೆ ಅದರ ಪರಿಣಾಮ ಆಗಿದ್ದಿರಬಹುದು ಅಂದರು. ಮೊದಲ ಗೋಲಿಗೆ ಸ್ವಲ್ಪ ಮುಂಚೆ ಸೆರ್ಗಿಯೊ ರಾಮೋಸ್ ಮೊಣಕೈ ತಗುಲಿತ್ತು. ಅಷ್ಟರಲ್ಲಿ ಜಗತ್ತು ತೀರ್ಪು ಕೊಟ್ಟಾಗಿತ್ತು.

ಆಮೇಲೆ ಅವರ ದಾರಿ ನೋಡಿ. ಲೋನ್ ಮೇಲೆ, ಅಂದರೆ ಎರವಲು ಆಟಗಾರನಾಗಿ, ಟರ್ಕಿಯ ಬೆಸಿಕ್ತಾಸ್. ಅಲ್ಲಿ ಸಂಬಳದ ಜಗಳ. ಮತ್ತೆ ಲೋನ್ ಮೇಲೆ ಯೂನಿಯನ್ ಬರ್ಲಿನ್. 2022ರಲ್ಲಿ ಲಿವರ್‌ಪೂಲ್ ಬಿಟ್ಟು ನ್ಯೂಕ್ಯಾಸಲ್. ಅಲ್ಲಿ 2023ರ ಲೀಗ್ ಕಪ್ ಫೈನಲ್‌ನಲ್ಲಿ ಆಡಲು ಅವಕಾಶ ಸಿಕ್ಕಿತು, ಅದೂ ಒಬ್ಬ ಕೀಪರ್ ಅಮಾನತು, ಇನ್ನೊಬ್ಬರು ನಿಯಮದ ಪ್ರಕಾರ ಆಡುವಂತಿಲ್ಲ ಎಂಬ ಕಾರಣಕ್ಕೆ. 2025ರ ಆರಂಭದಲ್ಲಿ ಜರ್ಮನಿಯ ಎರಡನೇ ಹಂತದ ಲೀಗ್‌ನಲ್ಲಿದ್ದ ಶಾಲ್ಕೆ ಸೇರಿದರು. ಒಂದು ರಾತ್ರಿಯ ಬೆಲೆ ಇಷ್ಟು ವರ್ಷ.

ಕೀಪರ್‌ಗಳು ಈ ಭಯದಲ್ಲೇ ಆಡುತ್ತಾರೆ ಅನ್ನುವುದಕ್ಕೆ ಒಂದು ಅಧ್ಯಯನವೇ ಇದೆ. 2007ರಲ್ಲಿ ಇಸ್ರೇಲಿನ ಸಂಶೋಧಕರು 286 ಪೆನಾಲ್ಟಿಗಳನ್ನು ನೋಡಿದರು. ಶೇ. 94ರಷ್ಟು ಸಲ ಕೀಪರ್ ಎಡಕ್ಕೋ ಬಲಕ್ಕೋ ಹಾರಿದ್ದ. ಆದರೆ ನಡುವೆ ನಿಂತಿದ್ದರೆ ಚೆಂಡು ತಡೆಯುವ ಸಾಧ್ಯತೆ ಜಾಸ್ತಿ ಇತ್ತು! ಹಾರಿ ಗೋಲು ಬಿಟ್ಟರೆ ‘ಪಾಪ, ಪ್ರಯತ್ನಪಟ್ಟ’ ಅನ್ನುತ್ತಾರೆ. ನಿಂತು ಬಿಟ್ಟರೆ ‘ಕಲ್ಲಿನ ಹಾಗೆ ನಿಂತಿದ್ದ’ ಅನ್ನುತ್ತಾರೆ. ನಮ್ಮ ಬೈಗುಳ ಆಟವನ್ನೇ ಕೆಡಿಸುತ್ತದೆ ಅಂತಾಯಿತಲ್ಲ.

ಗುರ್‌ಪ್ರೀತ್ ವಿಷಯಕ್ಕೆ ಬರೋಣ. ನಾರ್ವೆಯ ಸ್ಟಾಬೆಕ್ ಕ್ಲಬ್‌ನಲ್ಲಿ ಆಡಿ, ಯುರೋಪಾ ಲೀಗ್‌ನಲ್ಲಿ ಇಳಿದ ಮೊದಲ ಭಾರತೀಯ ಅನ್ನಿಸಿಕೊಂಡು, 2017ರಲ್ಲಿ ಬೆಂಗಳೂರಿಗೆ ಬಂದವರು. 2019ರ ಸೆಪ್ಟೆಂಬರ್‌ನಲ್ಲಿ ದೋಹಾದಲ್ಲಿ ಆಗಿನ ಏಷ್ಯಾ ಚಾಂಪಿಯನ್ ಕತಾರ್ ಒಂದೇ ಸಮನೆ ಹೊಡೆಯಿತು. ಸುನಿಲ್ ಚೆಟ್ರಿ ಇಲ್ಲದ ಭಾರತ 0-0 ಡ್ರಾ ಮಾಡಿಕೊಂಡಿತು. ಯಾರ ಕೈಯಿಂದ? 2023ರ ಜುಲೈನಲ್ಲಿ ನಮ್ಮ ಕಂಠೀರವದಲ್ಲೇ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯ ಸೆಮಿಫೈನಲ್, ಫೈನಲ್ ಎರಡೂ ಪೆನಾಲ್ಟಿ ಶೂಟೌಟ್‌ಗೆ ಹೋದವು. ಲೆಬನಾನ್ ಹೊಡೆದ ಮೊದಲ ಕಿಕ್ ತಡೆದರು. ಕುವೈತ್ ಹೊಡೆದ ಕೊನೆಯ ಕಿಕ್ ತಡೆದರು. ಫೈನಲ್ ದಿನ ನಾನು ಸ್ಟ್ಯಾಂಡಿನಲ್ಲಿದ್ದೆ. ಕುವೈತ್ ಮೊದಲ ಗೋಲು ಹೊಡೆದಾಗ ನನ್ನ ಹಿಂದಿನ ಸಾಲಿನವರೊಬ್ಬರು ಗುರ್‌ಪ್ರೀತ್ ಅವರ ಏಳು ತಲೆಮಾರನ್ನು ಬೈದರು. ಕೊನೆಯಲ್ಲಿ ಅವರೇ ಅಪರಿಚಿತನಾದ ನನ್ನನ್ನು ಅಪ್ಪಿಕೊಂಡು ಕುಣಿದರು.

ಮಲೇಷ್ಯಾ ಪಂದ್ಯವೂ 1-1 ಆಯಿತು. 2024ರಲ್ಲಿ ಭಾರತ ಒಂದೂ ಪಂದ್ಯ ಗೆಲ್ಲಲಿಲ್ಲ. ಗೋಲು ಹೊಡೆಯಲು ಆಗದ್ದಕ್ಕೂ ಕೀಪರ್ ಕಾರಣವೇ? ಮುಂದಿನ ಮಾರ್ಚ್‌ನ ತಂಡದಲ್ಲಿ ಗುರ್‌ಪ್ರೀತ್ ಹೆಸರು ಇರಲಿಲ್ಲ. ಅವರ ಜಾಗಕ್ಕೆ ಬಂದವರು ವಿಶಾಲ್ ಕೈತ್, ಒಳ್ಳೆಯ ಕೀಪರ್. ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಕೊನೆಯ ನಿಮಿಷಗಳಲ್ಲಿ ಅವರೂ ಮುಂದೆ ಬಂದು ಎದುರಾಳಿಗೆ ಬಡಿದು ಪೆನಾಲ್ಟಿ ಕೊಟ್ಟರು. ಭಾರತ 0-1ರಿಂದ ಸೋತಿತು. ಅದೇ ಬೈಗುಳ, ಹೆಸರು ಬೇರೆ ಅಷ್ಟೇ. ಆಗಸ್ಟ್‌ನಲ್ಲಿ ಮತ್ತೆ ಗುರ್‌ಪ್ರೀತ್‌ಗೆ ಕರೆ ಬಂತು. ಮಧ್ಯ ಏಷ್ಯಾದ ಕಾಫಾ ಟೂರ್ನಿಯಲ್ಲಿ, ತಜಿಕಿಸ್ತಾನದಲ್ಲೇ ಆತಿಥೇಯರ ಪೆನಾಲ್ಟಿ ತಡೆದರು, ಭಾರತ 2-1ರಿಂದ ಗೆದ್ದಿತು. ಮೂರನೇ ಸ್ಥಾನದ ಪಂದ್ಯದ ಶೂಟೌಟ್‌ನಲ್ಲಿ ಒಮಾನ್‌ನ ಕೊನೆಯ ಕಿಕ್ಕನ್ನೂ ತಡೆದರು. ಇದೆಲ್ಲ ನೀವು ನೋಡಿದ್ದೀರಿ. ಪತ್ರದಲ್ಲಿ ಮಾತ್ರ ಬರೆಯಲಿಲ್ಲ, ಅದು ಬೇಜಾರಿನ ಸಂಗತಿ.

ಕ್ಲಬ್‌ನಲ್ಲಿ ಅವರ ಭವಿಷ್ಯದ ಮಾತೆತ್ತಿದ್ದೀರಿ. ಯಾವ ಭವಿಷ್ಯ ಸ್ವಾಮಿ? ದೇಶದ ದೊಡ್ಡ ಲೀಗ್ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಡೆಸುವ 15 ವರ್ಷದ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುತ್ತದೆ ಅಂತ ಸಹಿ ಹಾಕಿದ ದಿನದಿಂದ ಗೊತ್ತಿತ್ತು. ಆದರೂ ಜುಲೈವರೆಗೆ ಹೊಸ ಒಪ್ಪಂದ ಆಗಲಿಲ್ಲ, ಲೀಗ್ ನಿಂತಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ಅದೇ ತಿಂಗಳ ಕೊನೆಯಲ್ಲಿ ಗುರ್‌ಪ್ರೀತ್ ತಜಿಕಿಸ್ತಾನದಲ್ಲಿ ಆ ಪೆನಾಲ್ಟಿ ತಡೆದದ್ದು! ಕೀಪರ್ ಅರ್ಧ ಸೆಕೆಂಡ್ ತಡ ಮಾಡಿದರೆ ಮನೆಗೆ ಕಳಿಸಬೇಕು. ವರ್ಷಗಟ್ಟಲೆ ತಡ ಮಾಡಿದ ಆಡಳಿತದವರ ತಪ್ಪಿಗೆ ರೀಪ್ಲೇ ಇಲ್ಲ, ನಿಧಾನಗತಿಯ ವಿಡಿಯೊ ಇಲ್ಲ. ಅವರ ಬಗ್ಗೆ ನಿಮ್ಮಿಂದ ಒಂದು ಖಾರದ ಪತ್ರ ಬರಬೇಕಿತ್ತು.

ಹೊಸ ಹುಡುಗರಿಗೆ ಜಾಗ ಕೊಡಲಿ ಅನ್ನುತ್ತೀರಿ. ಕೊಡಲಿ. ಆ ಹುಡುಗರು ತಯಾರಾಗುವುದು ಎಲ್ಲಿ? ನಾನು ಓದಿದ ಶಾಲೆಯಲ್ಲಿ ಓಡಲಾಗದವರನ್ನು, ದಪ್ಪಗಿದ್ದವರನ್ನು ಗೋಲಿಗೆ ನಿಲ್ಲಿಸುತ್ತಿದ್ದರು. ಜಲ್ಲಿಕಲ್ಲಿನ ಮೈದಾನ. ಹಾರಿದರೆ ಮೊಣಕೈ ಕಿತ್ತು ಬರುತ್ತಿತ್ತು. ಹಾರದಿದ್ದರೆ ಪಿ.ಟಿ. ಮೇಷ್ಟ್ರ ಬೈಗುಳ. ಇಂದಿಗೂ ನಾನು ನೋಡುವ ಎಷ್ಟೋ ಶಾಲೆಗಳಲ್ಲಿ ಕೀಪರ್‌ಗೆ ಅಂತ ಪ್ರತ್ಯೇಕ ತರಬೇತಿ ಇಲ್ಲ, ಒಂದು ಜೊತೆ ಗ್ಲೌಸ್ ಇಲ್ಲ. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಹಲಸೂರಿನ ಗೌತಮಪುರದಂಥ ಜಾಗ ಇರುವ ಊರು ನಮ್ಮದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿದ ಭಾರತ ತಂಡದಲ್ಲಿ ಬೆಂಗಳೂರಿನವರು ಹಲವರಿದ್ದರು. ಅಂದು ಎರಡು ಪೆನಾಲ್ಟಿ ಕೈತಪ್ಪಿ 1-2ರಿಂದ ಸೋತದ್ದು, ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದು ಎಲ್ಲರ ಬಾಯಲ್ಲೂ ಇದೆ. ಗೋಲು ಹೊಡೆದ ರಾಮನ್ ಹೆಸರು ಕೆಲವರಿಗೆ ಗೊತ್ತು. ಗೋಲು ಕಾಯ್ದ ಕೆಂಚಪ್ಪ ವರದರಾಜ್ ನಮ್ಮ ನಾಡಿನವರೇ. ಅವರ ಹೆಸರು ಎಷ್ಟು ಜನಕ್ಕೆ ಗೊತ್ತು?

ನಿಮ್ಮ ಮೇಲೆ ಸಿಟ್ಟಿಲ್ಲ. ಇಷ್ಟು ಕಣ್ಣಿಟ್ಟು ಆಟ ನೋಡುವ ಓದುಗರು ಇರುವುದೇ ನಮ್ಮ ಪತ್ರಿಕೆಯ ಭಾಗ್ಯ. ಒಂದು ಕೆಲಸ ಮಾಡಿ. ದಾವಣಗೆರೆಯಲ್ಲಿ ಶಾಲೆ, ಕಾಲೇಜು ತಂಡಗಳಲ್ಲಿ ಗೋಲು ಕಾಯುವ ಹುಡುಗ ಹುಡುಗಿಯರನ್ನು ಮಾತಾಡಿಸಿ. ಯಾರು ಕಲಿಸುತ್ತಾರೆ, ಎಲ್ಲಿ ಅಭ್ಯಾಸ, ಗ್ಲೌಸ್ ಯಾರು ಕೊಡಿಸಿದರು, ಸೋತ ದಿನ ಮನೆಯಲ್ಲಿ ಏನಂದರು ಅಂತ ಕೇಳಿ ಬರೆದು ಕಳಿಸಿ. ಎರಡು ಪುಟ ನಿಮಗಾಗಿ ಇಟ್ಟಿರುತ್ತೇನೆ. ಬರುವ ತಿಂಗಳ 10ರೊಳಗೆ ಕೈಸೇರಿದರೆ ಅದೇ ಸಂಚಿಕೆಗೆ ಹಾಕೋಣ.

– ಸಂಪಾದಕ