ಪೂರ್ವ ಏಷ್ಯಾದ ಖಗೋಳ ಇತಿಹಾಸಕ್ಕೇ ಒಂದು ಮ್ಯೂಸಿಯಂ ಮಾಡೋದಾದ್ರೆ ಹೇಗೆ ಪ್ಲಾನ್ ಮಾಡಬೇಕು?
ಚೀನಾ, ಕೊರಿಯಾ, ಜಪಾನ್‌ಗೆ ಒಂದೊಂದು ಹಾಲ್ ಮಾಡ್ಬೇಕಾ ಇಲ್ಲ ಇಸವಿ ಪ್ರಕಾರ ಜೋಡಿಸ್ಬೇಕಾ ಅಂತ ಕೇಳಿದೀರಿ. ನಾನು ಎಕ್ಸಿಬಿಟ್ ಡಿಸೈನ್ ಕೆಲಸ ಮಾಡೋಳು, ನನ್ನ ಕೇಳಿದ್ರೆ ಎರಡೂ ಬೇಡ, ಮೊದಲು ಚೆನ್ನಾಗಿ ಬಿಸಿಲು ಬೀಳೋ ಅಂಗಳ ಇರೋ ಸೈಟ್ ಹುಡುಕಿ. ಮಧ್ಯಾಹ್ನದ ನೆರಳು ವರ್ಷದಲ್ಲೇ ಅತಿ ಉದ್ದ ಆಗೋ ಡಿಸೆಂಬರ್ 21ರಂದು ಪಕ್ಕದ ಬಿಲ್ಡಿಂಗ್ ನೆರಳು ಒಳಗೆ ಬರೋ ಜಾಗ ಆದ್ರೆ ಕೈಬಿಡಿ.

ಯಾಕಂದ್ರೆ ಒರಿಜಿನಲ್ ವಸ್ತುಗಳು ನಿಮಗೆ ಸಿಗಲ್ಲ. ಚೀನಾದ ಡುನ್‌ಹುವಾಂಗ್‌ನಲ್ಲಿ ಸಿಕ್ಕ ನಕ್ಷತ್ರಪಟ ಲಂಡನ್ನಿನ ಬ್ರಿಟಿಷ್ ಲೈಬ್ರರಿಲಿದೆ, ಕಲ್ಲಲ್ಲಿ ಕೆತ್ತಿದ 1247ರ ನಕ್ಷತ್ರಪಟ ಚೀನಾದ ಸುಝೌದಲ್ಲೇ, ಅಂಥದ್ದೇ 1395ರ ಕೊರಿಯಾದ್ದು ಸಿಯೋಲ್‌ನ ಅರಮನೆ ಮ್ಯೂಸಿಯಂನಲ್ಲಿ, ಕಿತೋರಾ ಸಮಾಧಿಯ ನಕ್ಷತ್ರ ಚಾವಣಿ ಜಪಾನಿನ ಅಸುಕದಲ್ಲಿ. ಇವುಗಳ ಒಳ್ಳೆ ಪ್ರತಿಗಳಿಗೆ ಒಂದು ಕತ್ತಲೆ ರೂಮ್ ಸಾಕು. ನೆರಳು ಮಾತ್ರ ಎಲ್ಲಿ ಬಿದ್ರೂ ಒರಿಜಿನಲ್ಲೇ.

ಅಂಗಳದಲ್ಲಿ ಚೀನಾದ ಡೆಂಗ್‌ಫೆಂಗ್ ವೀಕ್ಷಣಾಲಯದ ಚಿಕ್ಕ ಮಾದರಿ ಕಟ್ಟಿಸಿ. 13ನೇ ಶತಮಾನದಲ್ಲಿ ಚೀನೀ ಖಗೋಳಜ್ಞ ಗುವೊ ಶೌಜಿಂಗ್, ಮಧ್ಯಾಹ್ನದ ನೆರಳು ಅಳೆದು ವರ್ಷದ ಉದ್ದ ಹಿಡಿಯೋಕೆ, ಹಳೇ ಕಾಲದ 8 ಚೀನೀ ಅಡಿ ಕೋಲು ಬಿಟ್ಟು 40 ಅಡಿಗೆ ಹೋದ, ನೆರಳು ಉದ್ದ ಆದಷ್ಟೂ ಅಳತೆ ಸೂಕ್ಷ್ಮ ಆಗುತ್ತೆ ಆದ್ರೆ ಅಂಚು ಮಸುಕಾಗುತ್ತೆ, ಅದಕ್ಕೆ ಮೇಲೊಂದು ಅಡ್ಡಪಟ್ಟಿ ಕೂರಿಸಿ ಕೆಳಗೆ ಸಣ್ಣ ತೂತಿನ ತಗಡನ್ನ ಹಿಂದೆ ಮುಂದೆ ಸರಿಸ್ತಿದ್ರು, ತೂತಿಂದ ಇಳಿದ ಸೂರ್ಯನ ಪುಟ್ಟ ಬಿಂಬದ ನಟ್ಟನಡುವೆ ಪಟ್ಟಿ ತೆಳ್ಳಗಿನ ಕಪ್ಪು ಗೆರೆಯಾಗಿ ಬಂದ ಕಡೆ ಅಳತೆ. ಮಕ್ಕಳ ಕೈಗೆ ಆ ತಗಡು ಕೊಡಿ, ಬೋರ್ಡ್ ಓದಿಸೋದಕ್ಕಿಂತ ಅದು ಎಷ್ಟೋ ಮೇಲು. 1281ರಲ್ಲಿ ಜಾರಿಯಾದ ಅವನ ಶೌಶಿ ಪಂಚಾಂಗದಲ್ಲಿ ವರ್ಷಕ್ಕೆ 365.2425 ದಿನ, 1582ರ ಗ್ರೆಗೋರಿಯನ್ ಕ್ಯಾಲೆಂಡರ್ ಲೆಕ್ಕವೂ ಅದೇ. ಅದೇ ಪಂಚಾಂಗವನ್ನ ಕೊರಿಯಾದ ಸೇಜೊಂಗ್ ರಾಜನ ವಿದ್ವಾಂಸರು ಸಿಯೋಲ್‌ಗೆ ಹೊಂದಿಸ್ಕೊಂಡ್ರು, ಜಪಾನಿನ ಖಗೋಳಜ್ಞ ಶಿಬುಕಾವಾ ಹರುಮಿ ಅದನ್ನೇ ಅರೆದು ಕುಡಿದು 1685ರ ಜೋಕ್ಯೋ ಪಂಚಾಂಗ ತಂದ. ಹೀಗಿರುವಾಗ ದೇಶಕ್ಕೊಂದು ಹಾಲ್ ಅಂದ್ರೆ ಕಥೆಯನ್ನೇ ಕತ್ತರಿಸಿದ ಹಾಗೆ.

ಪಕ್ಕದಲ್ಲೇ ಸೇಜೊಂಗ್ 1434ರಲ್ಲಿ ಸಿಯೋಲ್ ಬೀದೀಲಿ ಇಡಿಸಿದ ಬಟ್ಟಲಾಕಾರದ ನೆರಳು ಗಡಿಯಾರ ಇರಲಿ. ಓದು ಬರದವರಿಗೂ ಹೊತ್ತು ತಿಳೀಲಿ ಅಂತ ಅಕ್ಷರದ ಬದಲು ಪ್ರಾಣಿ ಚಿತ್ರ ಹಾಕಿಸಿದ್ದ, ನನಗೆ ತುಂಬ ಇಷ್ಟವಾದ ವಸ್ತು ಅದು. ಆದ್ರೆ ಸಿಯೋಲ್‌ದನ್ನ ಹಾಗೇ ಕಾಪಿ ಮಾಡಿಸ್ಬೇಡಿ, ಮುಳ್ಳಿನ ಕೋನ, ಗೆರೆ ಎಲ್ಲ ನಿಮ್ಮೂರಿನ ಅಕ್ಷಾಂಶಕ್ಕೆ ಹೊಸದಾಗಿ ಹಾಕಿಸಿ, ಇಲ್ದಿದ್ರೆ ಟೈಮ್ ತಪ್ಪು ತೋರಿಸುತ್ತೆ.

ಕತ್ತಲೆ ರೂಮಲ್ಲಿ ಒಂದು ಗೋಡೆ ಗೌತಮ ಸಿದ್ಧನಿಗೆ ಮೀಸಲಿಡಿ. ಭಾರತ ಮೂಲದ ಮನೆತನದವನು, ಚೀನಾದ ಟಾಂಗ್ ರಾಜವಂಶದ ಆಸ್ಥಾನದ ಖಗೋಳಜ್ಞ, 718ರಲ್ಲಿ ನಮ್ಮ ನವಗ್ರಹ ಲೆಕ್ಕ, ಜ್ಯಾ (ಸೈನ್) ಕೋಷ್ಟಕ, ಸೊನ್ನೆಗೆ ಚುಕ್ಕೆ ಹಾಕೋ ಪದ್ಧತಿ ಎಲ್ಲ ಚೀನೀ ಭಾಷೆಗೆ ಇಳಿಸಿದ. ನಮ್ಮ ಕಡೆಯ ಜನ ಜಾಸ್ತಿ ಹೊತ್ತು ನಿಲ್ಲೋದು ಆ ಗೋಡೆ ಮುಂದೇನೇ.